ಸ್ಟೀರಿಯೋ ಹೊಸದು, ಎಫ್‌ಎಂ ಮಾತ್ರ ಗೊರಗೊರ

ಕಾರಿನ ಜೊತೆ ಬಂದ ಸ್ಟೀರಿಯೋ ಕಿತ್ತು ದೊಡ್ಡ ಸ್ಕ್ರೀನಿನ ಆಂಡ್ರಾಯ್ಡ್ ಸೆಟ್ ಹಾಕಿಸಿದವರ ದೂರು ಹೆಚ್ಚುಕಡಿಮೆ ಒಂದೇ: ಬ್ಲೂಟೂತ್ ಚೆನ್ನಾಗಿದೆ, ರೇಡಿಯೋ ಹೋಯ್ತು. ಸೆಟ್ಟನ್ನು ಬೈಯುವ ಮೊದಲು ಅದರ ಬೆನ್ನಿಗಿರುವ ನೀಲಿ ವೈರು ನೋಡಿ.

ಎಫ್‌ಎಂನ 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್. ಅದರ ಕಾಲು ಭಾಗ, ಅಂದರೆ 75 ಸೆಂ.ಮೀ. ಕಡ್ಡಿ ಇದ್ದರೆ ಆಂಟೆನಾ ತನ್ನಷ್ಟಕ್ಕೆ ಕೆಲಸ ಮಾಡುತ್ತೆ. ಈಗಿನ ಶಾರ್ಕ್ ಫಿನ್, ಗೇಣುದ್ದದ ಕಡ್ಡಿಗಳಿಗೆ ಆ ಉದ್ದ ಇಲ್ಲ. ಹಾಗಾಗಿ ಸಾಮಾನ್ಯವಾಗಿ ಬುಡದಲ್ಲೇ ಸಿಗ್ನಲ್ ಹಿಗ್ಗಿಸುವ ಪುಟ್ಟ ಆಂಪ್ಲಿಫೈಯರ್ ಕೂರಿಸಿರುತ್ತಾರೆ. ಅದಕ್ಕೆ 12 ವೋಲ್ಟ್ ಕೊಡಬೇಕಾದದ್ದೇ ಈ ನೀಲಿ ವೈರು. ಎಷ್ಟೋ ಅಂಗಡಿಗಳಲ್ಲಿ ಅದಕ್ಕೆ ಟೇಪು ಸುತ್ತಿ ಹಾಗೇ ಬಿಟ್ಟಿರುತ್ತಾರೆ. ಬಿಳಿ ಗೆರೆಯ ನೀಲಿ ವೈರು ಬೇರೆ, ಅದು ಸ್ಪೀಕರುಗಳಿಗೆ ಹಾಕಿಸುವ ಹೊರಗಿನ ಆಂಪ್ಲಿಫೈಯರ್ ಆನ್ ಮಾಡೋಕೆ. ಕೆಲವು ಸೆಟ್ಟುಗಳಲ್ಲಿ ಇದೊಂದೇ ಇರುತ್ತೆ, ಆಗ ಎರಡಕ್ಕೂ ಅದನ್ನೇ ಕೊಡಬೇಕು.

ಪರೀಕ್ಷೆ ಸುಲಭ. ಎಫ್‌ಎಂ ಹಾಕಿ, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬಾಡಿಯ ಬಣ್ಣವಿಲ್ಲದ ಲೋಹಕ್ಕೆ, ಕೆಂಪನ್ನು ನೀಲಿ ವೈರಿಗೆ ಮುಟ್ಟಿಸಿ. 12ರ ಆಸುಪಾಸು ಬರಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾದಂಥ ಕಾರುಗಳಲ್ಲಿ ಈ ಕರೆಂಟು ಆಂಟೆನಾ ಕೇಬಲ್ಲಿನೊಳಗೇ ಹೋಗುತ್ತೆ. ಅವಕ್ಕೆ ನೀಲಿ ಬಾಲ ಇರುವ ಅಡಾಪ್ಟರೇ ಬೇಕು. ಬರೀ ಪಿನ್ ಬದಲಿಸುವ ಅಗ್ಗದ ಅಡಾಪ್ಟರ್ ಹಾಕಿದರೆ ಪ್ರಯೋಜನವಿಲ್ಲ. ಇಲ್ಲಿ ಕೈ ಹಾಕಿದಾಗಲೇ ಹಳದಿ (ಸದಾ ಬ್ಯಾಟರಿ ಕರೆಂಟು), ಕೆಂಪು (ಕೀ ತಿರುಗಿಸಿದಾಗ ಮಾತ್ರ ಕರೆಂಟು) ವೈರುಗಳನ್ನೂ ನೋಡಿಬಿಡಿ: ಅವು ಅದಲುಬದಲಾಗಿದ್ದರೆ ಕೀ ತೆಗೆದಾಗಲೆಲ್ಲ ಸೇವ್ ಮಾಡಿದ ಸ್ಟೇಷನ್ನುಗಳು ಅಳಿಸಿಹೋಗುತ್ತವೆ.

ಇನ್ನೊಂದು ತಮಾಷೆಯ ದೋಷ ಸೆಟ್ಟಿಂಗಿನಲ್ಲಿದೆ. ರೇಡಿಯೋ ಏರಿಯಾ ಅಮೆರಿಕ ಅಂತಿದ್ದರೆ ಸೆಟ್ಟು 0.2ರ ಹೆಜ್ಜೆಯಲ್ಲಿ ಬೆಸ ದಶಾಂಶಗಳನ್ನಷ್ಟೇ ಹಿಡಿಯುತ್ತೆ. ಬೆಂಗಳೂರಿನ 101.3, 102.9 ಎರಡೂ ಬೆಸ, ಯಾರಿಗೂ ಅನುಮಾನ ಬರಲ್ಲ. ಮೈಸೂರು ತಲುಪಿದ ಮೇಲೆ 100.6 ಸಿಗಲ್ಲ, 100.5 ಇದೆ, 100.7 ಇದೆ, ನಡುವಿನದಿಲ್ಲ. ಎಎಂನಲ್ಲೂ ಅಷ್ಟೇ: ಅಲ್ಲಿಯ ಹೆಜ್ಜೆ 10 ಕಿಲೋಹರ್ಟ್ಸ್, ನಮ್ಮದು 9. ಬೆಂಗಳೂರಿನ 612 ಮೇಲೆ ಮುಳ್ಳು ನಿಲ್ಲೋದೇ ಇಲ್ಲ. ಏರಿಯಾವನ್ನು ಏಷ್ಯಾ ಅಥವಾ ಯುರೋಪ್ ಮಾಡಿ. ಸೇವ್ ಮಾಡಿದ್ದೆಲ್ಲ ಅಳಿಸಬಹುದು, ಮತ್ತೆ ಹಾಕಿಕೊಳ್ಳಿ. ಹಾಗೇ 'ಲೋಕಲ್' ಆನ್ ಆಗಿದ್ದರೆ ಆಫ್ ಮಾಡಿ. ಅದು ಆನ್ ಇದ್ದರೆ ಹುಡುಕುವಾಗ ದುರ್ಬಲ ಸ್ಟೇಷನ್ನುಗಳನ್ನು ಹಾರಿಸಿಬಿಡುತ್ತೆ.

ಇಷ್ಟಾದರೂ ಗೊರಗೊರ ಎಂದರೆ ಡ್ಯಾಶ್‌ಕ್ಯಾಮ್ ಮತ್ತು ಲೈಟರ್ ಸಾಕೆಟ್ಟಿನ ಚಾರ್ಜರ್ ಎರಡನ್ನೂ ಕಿತ್ತು ಕೇಳಿ. ಅಗ್ಗದ ಚಾರ್ಜರುಗಳು ಒಳಗೆ ಕ್ಷಣಕ್ಷಣವೂ ಸ್ವಿಚ್ಚಾಗುತ್ತಾ ಎಫ್‌ಎಂ ಬ್ಯಾಂಡಿನಲ್ಲೇ ಗಲಾಟೆ ಎಬ್ಬಿಸುತ್ತವೆ. ಕಿತ್ತ ಕೂಡಲೇ ಸದ್ದು ನಿಂತರೆ ಕಳ್ಳ ಸಿಕ್ಕಿದ.

ಸಿಗ್ನಲ್ಲಿನಲ್ಲಿ ನಿಂತಾಗ ಹಾಡು ಒಡೆದು, ಕಾರು ಒಂದು ಮಾರು ಮುಂದೆ ಹೋದರೆ ಸರಿಯಾಗುತ್ತಲ್ಲ, ಅದು ಸೆಟ್ಟಿನ ತಪ್ಪಲ್ಲ. ನೇರವಾಗಿ ಬಂದ ಅಲೆಯೂ ಕಟ್ಟಡಕ್ಕೆ ಬಡಿದು ಬಂದ ಅಲೆಯೂ ಆ ಜಾಗದಲ್ಲಿ ಒಂದನ್ನೊಂದು ಕಳೆದುಕೊಂಡಿರುತ್ತವೆ. ಶಿರಾಡಿ ಘಾಟಿಯಲ್ಲಿ ಬೆಟ್ಟವೇ ಅಡ್ಡ. ಎಫ್‌ಎಂ ಹೆಚ್ಚುಕಡಿಮೆ ನೇರಕ್ಕೇ ಸಾಗುವುದರಿಂದ ಅಲ್ಲಿ ಯಾವ ಆಂಟೆನಾವೂ ಪವಾಡ ಮಾಡಲ್ಲ. ಸ್ಟೇಷನ್ ಕ್ಷೀಣವಾಗಿದ್ದರೂ ಮಾತು ಕೇಳಬೇಕೆಂದರೆ ಮೋನೋಗೆ (ಎಡ-ಬಲ ಸ್ಪೀಕರುಗಳಲ್ಲಿ ಒಂದೇ ಸದ್ದು) ಹಾಕಿ, ಗೊರಗುಟ್ಟುವಿಕೆ ಅರ್ಧಕ್ಕರ್ಧ ಇಳಿದಂತೆ ಕೇಳಿಸುತ್ತೆ.