ಗೋಡೆ ಅರ್ಧಕ್ಕೆ ನಿಂತಿದ್ದ ಆ ಮಳೆಗಾಲ

2020ರ ಜೂನ್, ಕೊರೊನಾ ಕಾಲ. ಉಡುಪಿ ಹತ್ತಿರದ ಕಟಪಾಡಿಯಲ್ಲಿ ನಮ್ಮ ಪಕ್ಕದ ಮನೆಯ ಕಂಪೌಂಡ್ ಗೋಡೆ ಅರ್ಧಕ್ಕೆ ನಿಂತಿತ್ತು. ಕೆಂಪು ಕಲ್ಲು ಅಂಗಳದಲ್ಲಿ ರಾಶಿ ಬಿದ್ದಿತ್ತು, ಮರಳು ಮಳೆಗೆ ಕೊಚ್ಚಿಕೊಂಡು ಹೋಗುತ್ತಿತ್ತು. ಕಲ್ಲು ಕಟ್ಟುತ್ತಿದ್ದ ಜಾರ್ಖಂಡ್‌ನ ಹುಡುಗರು ರೈಲು ಹತ್ತಿ ಊರಿಗೆ ಹೋಗಿದ್ದರು. ಅದೇ ಹೊತ್ತಿಗೆ ಗೋಡೆಯ ಈಚೆ, ನಮ್ಮ ಮನೆಯ ಜಗಲಿಯಲ್ಲಿ, ದುಬೈಯಲ್ಲಿ ಕೆಲಸ ಹೋಗಿ ಕ್ವಾರಂಟೈನ್ ಮುಗಿಸಿ ಬಂದ ಭಾವ ಸುಮ್ನೆ ಕೂತಿದ್ದರು. ಪಕ್ಕದ ಮನೆಯವರು ಒಂದು ದಿನ ಕೇಳಿಯೇ ಬಿಟ್ಟರು, "ನೀವೇ ಒಂದು ಕೈ ನೋಡಬಹುದಲ್ವಾ?" ಭಾವ ಹೇಳಿದ್ದು ಇಷ್ಟೇ: "ನನಗೆ ಎಸಿ ಡಕ್ಟ್ ಹಾಕ್ಲಿಕ್ಕೆ ಗೊತ್ತುಂಟು. ಕಲ್ಲು ಕಟ್ಲಿಕ್ಕೆ ಗೊತ್ತಿಲ್ಲ ಮಾರಾಯ್ರೇ."

ಆಗ ಟಿವಿಯಲ್ಲಿ ದಿನಾ ಒಂದೇ ಮಾತು: ಹೊರಗಿನವರು ಹೋದರು, ನಮ್ಮವರು ಬಂದರು, ಇನ್ನು ಆ ಕೆಲಸ ಎಲ್ಲ ನಮ್ಮ ಹುಡುಗರಿಗೆ. ಕೇಳಲು ಚೆನ್ನಾಗಿತ್ತು. ನಮ್ಮ ಊರಲ್ಲಿ ಹಾಗೆ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಅವತ್ತಿನಿಂದ ಯೋಚಿಸುತ್ತಿದ್ದೇನೆ.

ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ. ಮೇ 1ರಿಂದ ವಲಸೆ ಕಾರ್ಮಿಕರನ್ನು ಊರಿಗೆ ಮುಟ್ಟಿಸುವ ಶ್ರಮಿಕ್ ರೈಲುಗಳು ಓಡಿದವು. ವಿದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ಕಾರ್ಯಾಚರಣೆಯ ಮೊದಲ ವಿಮಾನ ಮೇ 12ರ ರಾತ್ರಿ ದುಬೈಯಿಂದ ಬಂದು ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇಳಿಯಿತು. ಅಂದರೆ ಮಂಗಳೂರು ಜಂಕ್ಷನ್‌ನಿಂದ ಬಿಹಾರ, ಜಾರ್ಖಂಡ್, ಉತ್ತರ ಪ್ರದೇಶದ ಜನ ಹೊರಡುತ್ತಿದ್ದ ದಿನಗಳಲ್ಲೇ ನಮ್ಮವರು ಬಂದು ಇಳಿಯುತ್ತಿದ್ದರು. ಮುಂಬೈ ಹೋಟೆಲುಗಳಲ್ಲಿದ್ದ ಕುಂದಾಪುರ, ಬೈಂದೂರು ಕಡೆಯವರೂ ಮೇ ತಿಂಗಳಲ್ಲೇ ಬಂದರು. ಅವರನ್ನು ಕಂಡರೆ ಊರಿನವರಿಗೆ ಕಾಯಿಲೆಯ ಭಯ. ವರ್ಷಗಟ್ಟಲೆ ಮನೆಗೆ ದುಡ್ಡು ಕಳಿಸಿದ ಹುಡುಗರು ಅವರು. ಆ ನಡವಳಿಕೆ ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ನಮ್ಮ ಮೀನುಗಾರಿಕೆ ಬಂದರು ಮಲ್ಪೆಯನ್ನೇ ನೋಡಿ. ಲಾಕ್‌ಡೌನ್‌ನಲ್ಲಿ ಕಳೆದುಹೋದ ದಿನಗಳಿಗೆ ಬದಲಾಗಿ ಆ ವರ್ಷ ಮೀನುಗಾರಿಕೆ ನಿಷೇಧವನ್ನು ಜೂನ್ 1ರ ಬದಲು ಜೂನ್ 15ರಿಂದ ಶುರು ಮಾಡಿದರು. ಜುಲೈ 31ಕ್ಕೆ ನಿಷೇಧ ಮುಗಿಯಿತು, ಆದರೆ ಎಷ್ಟೋ ಬೋಟುಗಳು ದಕ್ಕೆಯಲ್ಲಿ ಕಟ್ಟಿಯೇ ಇದ್ದವು. ಬಲೆ ಎಳೆಯುವ, ಐಸ್ ತುಂಬಿಸುವ, ಮೀನು ಬೇರೆ ಮಾಡುವ ಕೈಗಳಲ್ಲಿ ಒಡಿಶಾ, ಆಂಧ್ರ, ಜಾರ್ಖಂಡ್‌ನವು ತುಂಬಾ. ಅವರು ವಾಪಸ್ ಬಂದಿರಲಿಲ್ಲ. ಆಳಸಮುದ್ರಕ್ಕೆ ಹೋದರೆ ಹತ್ತು ದಿನ ನೀರಿನ ಮೇಲೆ. ಹೋಟೆಲಲ್ಲಿ ದೋಸೆ ಹುಯ್ಯುತ್ತಿದ್ದ ಹುಡುಗನನ್ನು ಕರೆದು ನಾಳೆಯೇ ಬೋಟಿಗೆ ಹತ್ತು ಅಂದರೆ ಆಗುತ್ತದಾ? ಅಡಿಕೆ ತೋಟದಲ್ಲೂ ಇದೇ ಕಥೆ. ಮಳೆ ಬಿಟ್ಟ ಗಳಿಗೆಯಲ್ಲಿ ಮದ್ದು ಬಿಡಬೇಕು, ಇಲ್ಲದಿದ್ದರೆ ಕೊಳೆರೋಗ. ಮರ ಹತ್ತಲು ಬರುವವರು ಊರಿಗೆ ನಾಲ್ಕೈದು ಜನ. ಕೂಲಿ ಎಷ್ಟು ಏರಿಸಿದರೂ ಐದು ಹತ್ತಾಗುವುದಿಲ್ಲ.

ಉದ್ಯೋಗ ಖಾತ್ರಿಯ ನರೇಗಾ ಇತ್ತು, ನಿಜ. ಆ ಮೇ ತಿಂಗಳಲ್ಲಿ ಕೇಂದ್ರ ಅದಕ್ಕೆ 40,000 ಕೋಟಿ ಜಾಸ್ತಿ ಕೊಟ್ಟಿತು, ನಮ್ಮ ರಾಜ್ಯದ ದಿನಗೂಲಿ ಏಪ್ರಿಲ್‌ನಲ್ಲೇ 275 ರೂಪಾಯಿ ಆಗಿತ್ತು. ಬೇರೆ ಜಿಲ್ಲೆಗಳಲ್ಲಿ ಅದು ಎಷ್ಟೋ ಮನೆಗಳನ್ನು ಕಾಪಾಡಿತು. ನಮ್ಮ ಕಡೆ ಗಂಡಸರ ಕೂಲಿ ಮೊದಲೇ ಅದಕ್ಕಿಂತ ತುಂಬಾ ಮೇಲಿತ್ತು. ಅದಕ್ಕೇ ಕೇಳಿಕೊಂಡು ಬಂದವರು ಕಡಿಮೆ.

ಇನ್ನು ಅಂಕಿಗಳ ವಿಷಯ. ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ನಗರಗಳಲ್ಲಿ ನಿರುದ್ಯೋಗ ಸುಮಾರು ಶೇ. 21. ಹಿಂದಿನ ವರ್ಷ ಅದೇ ತಿಂಗಳುಗಳಲ್ಲಿ ಶೇ. 9ರ ಹತ್ತಿರ ಇತ್ತು. ಆಮೇಲೆ ಅಂಕಿ ಇಳಿಯಿತು, ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಅದು ಹೇಗೆ ಇಳಿಯುತ್ತದೆ ಅಂತ ನಾನು ನಮ್ಮ ಮನೆಯಲ್ಲೇ ನೋಡಿದೆ. ಜುಲೈಯಲ್ಲಿ ಭಾವ ಅಪ್ಪನ ಜೊತೆ ಗದ್ದೆಗೆ ಇಳಿದರು. ಸಂಬಳ ಇಲ್ಲ, ಅಪ್ಪ ಒಬ್ಬರೇ ಮಾಡುತ್ತಿದ್ದ ಕೆಲಸವನ್ನು ಇಬ್ಬರು ಮಾಡಿದರು, ಅಷ್ಟೇ. ಆ ಸಮೀಕ್ಷೆಯಲ್ಲಿ ವಾರದಲ್ಲಿ ಒಂದು ಗಂಟೆ ದುಡಿದರೂ ಕೆಲಸ ಇದೆ ಅಂತಲೇ ಲೆಕ್ಕ. ಮನೆಯ ಗದ್ದೆಯಲ್ಲಿ ಸಂಬಳ ಇಲ್ಲದೆ ದುಡಿದರೂ ಹಾಗೇ. ದೇಶದ ದುಡಿಯುವವರಲ್ಲಿ ಕೃಷಿಯಲ್ಲಿದ್ದವರು 2018-19ರಲ್ಲಿ ಶೇ. 42.5 ಇದ್ದದ್ದು 2020-21ಕ್ಕೆ ಶೇ. 46.5 ಆಯಿತು. ಬೇರೆ ದಾರಿ ಇಲ್ಲದೆ ಗದ್ದೆಗೆ ಬಂದ ನಮ್ಮ ಭಾವನಂಥವರು ಅದರಲ್ಲಿ ಎಷ್ಟು ಜನ ಇದ್ದಾರೋ.

ಅಕ್ಕನ ಕಥೆ ಇನ್ನೂ ನೋವು ಕೊಡುತ್ತದೆ. ಅಮ್ಮ ನಲವತ್ತು ವರ್ಷದಿಂದ ಬೀಡಿ ಕಟ್ಟುತ್ತಿದ್ದಾರೆ. ಲಾಕ್‌ಡೌನ್‌ನಲ್ಲಿ, ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚ್ ಮುಚ್ಚಿತು. ಎಲೆ ಇಲ್ಲ, ಹೊಗೆಸೊಪ್ಪು ಇಲ್ಲ, ವಾರದ ಮಜೂರಿ ಇಲ್ಲ. ಮತ್ತೆ ತೆರೆದಾಗ ಅಮ್ಮನ ಪಕ್ಕದಲ್ಲಿ ಅಕ್ಕನೂ ಗೆರಸೆ ಇಟ್ಟುಕೊಂಡು ಕೂತಳು, ಮದುವೆಯಾದ ಮೇಲೆ ಬಿಟ್ಟಿದ್ದ ಕೆಲಸಕ್ಕೆ. ಭಾವನ ಎರಡು ತಿಂಗಳ ಸಂಬಳ ದುಬೈಯ ಕಂಪನಿಯಲ್ಲೇ ಉಳಿದಿತ್ತು, ಮಕ್ಕಳ ಫೀಸು ಕಟ್ಟಬೇಕಿತ್ತು. ದೇಶದಲ್ಲಿ 15 ವರ್ಷ ತುಂಬಿದ ಹೆಂಗಸರಲ್ಲಿ ದುಡಿಯುವ ಅಥವಾ ದುಡಿಮೆ ಹುಡುಕುವವರ ಪ್ರಮಾಣ 2017-18ರಲ್ಲಿ ಶೇ. 23.3 ಇತ್ತು, 2020-21ರಲ್ಲಿ ಶೇ. 32.5ಕ್ಕೆ ಏರಿತು. ಇದನ್ನು ಬರೀ ಸಂತೋಷದ ಸುದ್ದಿ ಅಂತ ಬರೆದವರಿದ್ದಾರೆ. ನಾನು ಆ ಅಂಕಿ ನೋಡಿದಾಗಲೆಲ್ಲ ಅಕ್ಕನ ಬಾಗಿದ ಬೆನ್ನು ಕಾಣುತ್ತದೆ.

ನಮ್ಮ ಕರಾವಳಿಗೆ ಇಂಥ ಹೊಡೆತ ಹೊಸದಲ್ಲ. 1990ರ ಆಗಸ್ಟ್‌ನಲ್ಲಿ ಇರಾಕ್ ಸೈನ್ಯ ಕುವೈತ್‌ಗೆ ನುಗ್ಗಿದಾಗ ನಮ್ಮ ಚಿಕ್ಕಪ್ಪ ಬರಿಗೈಯಲ್ಲಿ ಬಂದರು, ಯುದ್ಧ ಮುಗಿದ ಮೇಲೆ ಮತ್ತೆ ಅಲ್ಲಿಗೇ ಹೋದರು. ಇಲ್ಲಿ ಅವರ ಕೈಗೆ ಸರಿಯಾದ ಕೆಲಸ ಆಗಲೂ ಇರಲಿಲ್ಲ.

ಭಾವ ಬಂದಿಳಿದಾಗ ಜ್ವರ ಕೇಳಿದರು, ವಿಳಾಸ ಕೇಳಿದರು, ಕೈಗೆ ಸೀಲ್ ಹಾಕಿದರು. ನಿಮಗೆ ಯಾವ ಕೆಲಸ ಗೊತ್ತು ಅಂತ ಯಾರೂ ಕೇಳಲಿಲ್ಲ. ಜೂನ್‌ನಲ್ಲಿ ಕೇಂದ್ರ ಸರ್ಕಾರ ವಿದೇಶದಿಂದ ಬಂದವರಿಗಾಗಿ ಸ್ವದೇಸ್ ಎಂಬ ಕೌಶಲದ ಪಟ್ಟಿ ಶುರು ಮಾಡಿತು. ಒಳ್ಳೆಯ ಯೋಚನೆ ಅದು. ಆದರೆ ಮುಂಬೈಯಿಂದ ಬಂದ ಹೋಟೆಲ್ ಹುಡುಗರು ಅದರೊಳಗೆ ಬರುತ್ತಿರಲಿಲ್ಲ. ಪ್ರತಿ ಪಂಚಾಯತ್‌ನಲ್ಲೂ ಅಂಥ ಒಂದು ಪುಸ್ತಕ ಇರಬೇಕು, ಕಷ್ಟ ಬರುವ ಮೊದಲೇ: ನಮ್ಮ ಊರಿನಿಂದ ಹೋದವರು ಯಾರು, ಯಾವ ಕೆಲಸದಲ್ಲಿದ್ದಾರೆ, ನಮ್ಮ ಊರಿಗೆ ದುಡಿಯಲು ಬಂದವರು ಯಾರು, ಎಲ್ಲಿ ಮಲಗುತ್ತಾರೆ. ಆ ಜಾರ್ಖಂಡ್ ಹುಡುಗರು ಎರಡು ವರ್ಷ ನಮ್ಮ ಪಕ್ಕದಲ್ಲೇ ಇದ್ದರು. ಅವರು ಹೋದ ಮೇಲೆ ಫೋನ್ ಮಾಡೋಣ ಅಂದರೆ ನಂಬರ್ ಕೂಡ ನಮ್ಮ ಹತ್ತಿರ ಇರಲಿಲ್ಲ.

ದೀಪಾವಳಿ ಹೊತ್ತಿಗೆ ಅವರಲ್ಲಿ ಮೂವರು ವಾಪಸ್ ಬಂದು ಗೋಡೆ ಮುಗಿಸಿದರು. ಭಾವ ಮರುವರ್ಷ ಮೊದಲಿಗಿಂತ ಕಡಿಮೆ ಸಂಬಳಕ್ಕೆ ದುಬೈಗೆ ಹೋದರು. ಈಗ ಸಂಬಳ ಸರಿಯಾಗಿದೆ. ಅಕ್ಕ ಮಾತ್ರ ಬೀಡಿ ಬಿಟ್ಟಿಲ್ಲ. ಕೇಳಿದರೆ, "ಪಿಎಫ್ ಉಂಟಲ್ಲ, ಇರ್ಲಿ" ಅನ್ನುತ್ತಾಳೆ.