0.08 ಸೆಕೆಂಡಿನ ಗೆಲುವು

ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಲೋಲಕದ ಪ್ರಯೋಗಕ್ಕೆ ಕೊಡುತ್ತಿದ್ದ ಸ್ಟಾಪ್‌ವಾಚು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಸಣ್ಣದನ್ನು ಅಳೆಯುತ್ತಿರಲಿಲ್ಲ. ‘ಮೊದಲು ಲೀಸ್ಟ್ ಕೌಂಟ್ ಬರೆಯಿರಿ’ ಎನ್ನುತ್ತಿದ್ದರು ಮೇಷ್ಟ್ರು; ಉಪಕರಣ ಅಳೆಯಬಲ್ಲ ಅತಿ ಸಣ್ಣ ಅಳತೆ ಅದು. ಆ ವಾಚಿಗೆ 1968ರ ಗ್ರೆನೋಬಲ್ ಒಲಿಂಪಿಕ್ಸ್‌ನ ಡೌನ್‌ಹಿಲ್ ಸ್ಕೀ ಸ್ಪರ್ಧೆಯ (ಹಿಮದ ಇಳಿಜಾರಿನಲ್ಲಿ ಒಬ್ಬೊಬ್ಬರೇ ಜಾರಿ ಇಳಿಯುವ ವೇಗದ ಪಂದ್ಯ) ವಿಜೇತ ಯಾರೆಂದು ತಿಳಿಯುತ್ತಲೇ ಇರಲಿಲ್ಲ. ಫ್ರಾನ್ಸಿನ ಜಾನ್-ಕ್ಲೋಡ್ ಕಿಲೀ 1 ನಿಮಿಷ 59.85 ಸೆಕೆಂಡಿನಲ್ಲಿ ಇಳಿದರು. ಅದೇ ತಂಡದ ಗೀ ಪೆರಿಯಾ ಅವರಿಗಿಂತ 0.08 ಸೆಕೆಂಡು ಹಿಂದೆ. ಸುಮಾರು 2.9 ಕಿ.ಮೀ. ಇಳಿಜಾರಿನ ಸರಾಸರಿ ವೇಗಕ್ಕೆ ಲೆಕ್ಕ ಹಾಕಿದರೆ ಆ ಅಂತರ ಎರಡು ಮೀಟರೂ ಆಗದು.

ಅಂಥ ಅಂತರ ಹುಟ್ಟಿಸುವ ವಿದ್ಯೆ ಕಿಲೀಯವರ ಸ್ಟಾರ್ಟಿನಲ್ಲಿತ್ತು ಎಂದೇ ನನ್ನ ಎಣಿಕೆ. ಸ್ಪರ್ಧಿಯ ಮೊಣಕಾಲಿನ ಕೆಳಗೆ ಅಡ್ಡ ಕಡ್ಡಿಯೊಂದಿರುತ್ತದೆ. ಕಾಲು ಅದನ್ನು ತಳ್ಳಿದಾಗಲೇ ಗಡಿಯಾರ ಶುರು. ಕಿಲೀ ಕೈಯಲ್ಲಿನ ಎರಡೂ ಸ್ಕೀ ಕೋಲುಗಳನ್ನು ಕಡ್ಡಿಯ ಆಚೆ ಊರಿ, ತೋಳಿನ ಬಲದಲ್ಲಿ ಎದೆ ತಲೆಗಳನ್ನು ಮುಂದಕ್ಕೆ ಎಸೆಯುತ್ತಿದ್ದರು. ಕಾಲು ಕೊನೆಗೆ ಬರುತ್ತಿತ್ತು. ಗಡಿಯಾರ ಓಡತೊಡಗುವ ಹೊತ್ತಿಗೆ ಮೈ ಆಗಲೇ ವೇಗ ಹಿಡಿದಿರುತ್ತಿತ್ತು. ಕಾಲು ಮೊದಲು ಸರಿದರೆ ಈ ಲಾಭವೆಲ್ಲ ಹೋಯಿತು. ಕೋಲು ಜಾರಿದರಂತೂ ಇದ್ದ ಸಮಯವೂ ನಷ್ಟ.

ಗ್ರೆನೋಬಲ್‌ನ ಡೌನ್‌ಹಿಲ್ ದಿನ ಈ ಲಾಭ ಇನ್ನೂ ಹೆಚ್ಚು ಬೇಕಿತ್ತು. ಸ್ಪರ್ಧೆಗೆ ಮುನ್ನ ಮೈ ಬಿಸಿಮಾಡಿಕೊಳ್ಳಲು ಇಳಿದಾಗ ಗಟ್ಟಿ ಮಂಜುಗಡ್ಡೆ ಸಿಕ್ಕಿ ಸ್ಕೀ ತಳಕ್ಕೆ ಸಲೀಸಾಗಿ ಜಾರಲೆಂದು ಹಚ್ಚಿದ ವ್ಯಾಕ್ಸ್ (ಮೇಣ) ಕೆರೆದುಹೋಗಿತ್ತು. ವ್ಯಾಕ್ಸನ್ನು ಹಿಮದ ತಾಪಮಾನ ನೋಡಿ ಆರಿಸಬೇಕು: ಒಣ ಚಳಿಯ ಹಿಮಕ್ಕೆ ಗಟ್ಟಿಯದು, ಒದ್ದೆ ಹಿಮಕ್ಕೆ ಮೆತ್ತನೆಯದು. ಅದು ಹೋದರೆ ಘರ್ಷಣೆ ಏರುತ್ತದೆ. ಮತ್ತೆ ಹಚ್ಚಲು ಅವರಿಗೆ ಹೊತ್ತಿರಲಿಲ್ಲ.

ಅದೇ ಒಲಿಂಪಿಕ್ಸ್‌ನ ಜೈಂಟ್ ಸ್ಲಾಲಮ್‌ನಲ್ಲಿ (ಗೇಟುಗಳೆಂಬ ಕಂಬಗಳ ನಡುವೆ ತಿರುತಿರುಗಿ ಇಳಿಯುವ ಸ್ಪರ್ಧೆ) ಕಿಲೀಗೆ ಎರಡು ಸೆಕೆಂಡಿಗೂ ಮೀರಿದ ಮುನ್ನಡೆ. ಗೇಟುಗಳು ಇನ್ನೂ ಹತ್ತಿರವಿರುವ ಸ್ಲಾಲಮ್ ಮಾತ್ರ ಮಂಜು ಕವಿದ ದಿನ ನಡೆಯಿತು. ಆಸ್ಟ್ರಿಯದ ಕಾರ್ಲ್ ಶ್ರಾಂಜ್ ತಮ್ಮ ದಾರಿಗೆ ಯಾರೋ ಅಡ್ಡ ಬಂದರೆಂದು ಮರುಓಟ ಪಡೆದು ವೇಗವಾಗಿ ಇಳಿದರು. ಅಡ್ಡಿಗೆ ಮೊದಲೇ ಗೇಟು ತಪ್ಪಿಸಿದ್ದರೆಂದು ಅನರ್ಹರಾದರು. ಮೂರನೇ ಚಿನ್ನವೂ ಕಿಲೀಗೆ ಬಂತು. ಈ ವಿವಾದವನ್ನೇ ಜನ ಹೆಚ್ಚು ನೆನೆಯುತ್ತಾರೆ, ಅದು ಅನ್ಯಾಯ. 1967ರ ಮೊದಲ ಸ್ಕೀ ವಿಶ್ವಕಪ್‌ನಲ್ಲಿ (ಋತುವಿಡೀ ನಡೆಯುವ ಸ್ಪರ್ಧೆಗಳ ಸರಣಿ) ಅವರು 17 ಸ್ಪರ್ಧೆಗಳಲ್ಲಿ 12 ಗೆದ್ದಿದ್ದರು. ಐದೂ ಡೌನ್‌ಹಿಲ್ ಅವರದೇ. ಗೆಲುವಿಗೆ 25 ಅಂಕ; ಡೌನ್‌ಹಿಲ್, ಜೈಂಟ್ ಸ್ಲಾಲಮ್, ಸ್ಲಾಲಮ್ ಎಂಬ ಮೂರು ವಿಭಾಗಗಳಲ್ಲಿ ಪ್ರತಿಯೊಂದರ ಉತ್ತಮ ಮೂರು ಫಲಿತಾಂಶಗಳಷ್ಟೇ ಗಣನೆಗೆ. ಹಾಗಾಗಿ 225 ಗರಿಷ್ಠ. ಕಿಲೀ ಪಡೆದದ್ದು 225.

1968ರಲ್ಲೂ ವಿಶ್ವಕಪ್ ಗೆದ್ದು, 24ನೇ ವಯಸ್ಸಿಗೇ ಸ್ಪರ್ಧೆ ಬಿಟ್ಟರು. 1992ರ ಆಲ್ಬರ್‌ವಿಲ್ ಒಲಿಂಪಿಕ್ಸ್ ಸಂಘಟನೆಗೆ ರಾಜಕಾರಣಿ ಮಿಶೆಲ್ ಬಾರ್ನಿಯೇ ಜೊತೆ ಸಹ-ಅಧ್ಯಕ್ಷರಾದರು; ಪುರುಷರ ಡೌನ್‌ಹಿಲ್ ನಡೆದದ್ದು ಅವರು ಬೆಳೆದ ವಾಲ್ ದೀಜೇರ್‌ನಲ್ಲಿ.