ಕೆರೆಯಿಂದ ಕೆರೆಗೆ ನಡೆದುಕೊಂಡೇ

ಮೈಸೂರಿನ ಕುಕ್ಕರಹಳ್ಳಿ ಕೆರೆಯಿಂದ ಕಾರಂಜಿ ಕೆರೆಯವರೆಗೆ ನಡೆದೇ ಹೋಗೋಣ ಅಂದಾಗ ಅಕ್ಕನ ಮಗಳು ಕುಣಿದಾಡಿದಳು. ಅವಳಿಗೆ ಹಕ್ಕಿಗಳ ಹುಚ್ಚು. ಭಾನುವಾರ ಬೆಳಗ್ಗೆಯೇ ಹೊರಟೆವು.

ಕುಕ್ಕರಹಳ್ಳಿ ಏರಿ ಮೇಲೆ ನಡೆಯುವ ಸುಖವೇ ಬೇರೆ. ಹಾರನ್ ಇಲ್ಲ, ಹಿಂದೆ ತಿರುಗಿ ನೋಡುವ ಭಯ ಇಲ್ಲ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಹೊಲಗಳಿಗೆ ನೀರುಣಿಸಲು ಕಟ್ಟಿದ ಕೆರೆ ಇದು. ಕುವೆಂಪು ಅವರು ಅಡ್ಡಾಡುತ್ತಿದ್ದ ದಂಡೆ. ಹೆಜ್ಜಾರ್ಲೆಗಳು ಚೀಲದಂಥ ಕೊಕ್ಕನ್ನು ನೀರಿಗೆ ಅದ್ದಿ ಮೀನು ಬಾಚುತ್ತಿದ್ದವು. ಒಂದು ನೀರುಕಾಗೆ ಕೊಂಬೆ ಮೇಲೆ ರೆಕ್ಕೆ ಹರಡಿಕೊಂಡು ಕೂತಿತ್ತು.

"ಚಿಕ್ಕಿ, ಅದ್ಯಾಕೆ ಹಾಗೆ ಕೂತಿದೆ?"

ಅದರ ಗರಿ ಬಾತುಕೋಳಿಯದರ ಹಾಗಲ್ಲ, ನೀರು ಹೀರಿಕೊಳ್ಳುತ್ತದೆ. ಅದರಿಂದಲೇ ಸಲೀಸಾಗಿ ಮುಳುಗಿ ಮೀನು ಹಿಡಿಯುತ್ತದೆ. ಆಮೇಲೆ ಬಿಸಿಲಿಗೆ ಒಣಗಿಸಿಕೊಳ್ಳಬೇಕು. ಇಷ್ಟು ಹೇಳುವಷ್ಟು ಹೊತ್ತು ಅಲ್ಲೇ ನಿಂತೆವು, ಯಾರೂ ಸರಿಯಿರಿ ಅನ್ನಲಿಲ್ಲ.

ಗೇಟು ದಾಟಿದ ಮೇಲೆ ಕಷ್ಟ ಶುರುವಾಯಿತು. ಫುಟ್‌ಪಾತ್ ಮೇಲೆ ಬೈಕುಗಳು, ಎದ್ದುನಿಂತ ಚಪ್ಪಡಿಗಳು. ಮಗುವಿನ ಕೈ ಹಿಡಿದು ಮತ್ತೆ ಮತ್ತೆ ರಸ್ತೆಗಿಳಿಯಬೇಕಾಯಿತು. ಕಣ್ಣು ಕಾಲಿನ ಕಡೆಗೇ ಇದ್ದರೆ ಮರದ ಕಡೆ ಯಾವಾಗ ನೋಡೋದು? ಆದರೂ ಒಂದು ಮಳೆಮರದಡಿ ಸ್ವಲ್ಪ ಜಾಗ ಸಿಕ್ಕಿತು. ದಕ್ಷಿಣ ಅಮೆರಿಕ ಕಡೆಯಿಂದ ಬಂದು ಇಲ್ಲಿನದೇ ಆದ ಮರ. ಮೋಡ ಕವಿದರೆ, ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ. ಅದರ ಪೊಟರೆಯಲ್ಲಿ ಚುಕ್ಕೆ ಗೂಬೆಯೊಂದು ನಮ್ಮನ್ನೇ ದಿಟ್ಟಿಸುತ್ತಿತ್ತು. ಈ ರಸ್ತೆಯಲ್ಲಿ ನಾನು ಗಾಡಿಯಲ್ಲಿ ಓಡಾಡುತ್ತಲೇ ಇರುತ್ತೇನೆ. ಗೂಬೆ ಕಂಡದ್ದು ನಡೆದಾಗಲೇ.

ಅರಮನೆ, ಮೃಗಾಲಯ ದಾಟಿ ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯ ತಲುಪಿದೆವು. 1995ರಲ್ಲಿ ಶುರುವಾದದ್ದು. ಕಾಡಿನ ಮಾದರಿಗಳ ಮುಂದೆ ಅವಳು ಹುಡುಕಿದ್ದು ಹುಲಿಯನ್ನಲ್ಲ, ತಾನು ದಾರಿಯಲ್ಲಿ ಕಂಡ ಹಕ್ಕಿಗಳನ್ನು. ನನಗೆ ತುಂಬಾ ಖುಷಿಯಾಯಿತು.

ಈ ಎರಡು ಕೆರೆಗಳ ನಡುವೆ ಮಕ್ಕಳು ನಿರ್ಭಯವಾಗಿ ನಡೆಯುವಂಥ ದಾರಿ ನಮಗೆ ಬೇಕು. ದೊಡ್ಡ ಯೋಜನೆಯೇನೂ ಬೇಡ. ಚಪ್ಪಡಿ ಸರಿ ಮಾಡಲಿ, ಬೈಕುಗಳನ್ನು ತೆಗೆಸಲಿ, ಹಳೇ ಮರಗಳನ್ನು ಉಳಿಸಲಿ, ಅಷ್ಟೇ.